ಜಂಬಕ್ಕನ ಅಂಕಣಕ್ಕೆ ಬಂದ ಎಲೆ ಅಡಿಕೆ

ಮಾಗಳದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಒಂದು ಖೋ ಖೋ ಅಂಕಣವಿದೆ. ಎರಡು ಕಂಬ, ನಡುವೆ ಎಂಟು ಚೌಕ, ಸುತ್ತ ಸುಣ್ಣದ ಗೆರೆ. ಆ ಗೆರೆಯೊಳಗೆ ಯಾರೇ ಬರಲಿ, ಚಪ್ಪಲಿ ಹೊರಗೆ ಬಿಟ್ಟು ಬರಬೇಕು. ಊರಿಗೆಲ್ಲ ಈ ಕಾನೂನು ಕಲಿಸಿದವಳು ಕುರಿಗಾರ ಪಾಲಾಕ್ಷಪ್ಪನ ಮಗಳು ಜಂಬಕ್ಕ.

ಅವಳು ಬೆಳೆದದ್ದೇ ಕುರಿಗಳ ಹಿಂದೆ. ಜೋಳದ ಹೊಲಕ್ಕೆ ನುಗ್ಗುವ ಟಗರಿಗೆ ಎಡಕ್ಕೆ ಓಡುವಂತೆ ತೋರಿಸಿ ಬಲಕ್ಕೆ ಅಡ್ಡ ನಿಲ್ಲುವುದು ಅವಳಿಗೆ ಆಟ. ಹೈಸ್ಕೂಲಿನ ಗಂಗಾಧರ್ ಮೇಷ್ಟ್ರು ಅದನ್ನು ನೋಡಿದವರೇ ಅವಳನ್ನು ಅಂಕಣಕ್ಕೆ ಕರೆತಂದರು. ಆಮೇಲೆ ಅವಳ ಬೆನ್ನು ಮುಟ್ಟಿದವರು ಸುತ್ತಿನ ತಾಲ್ಲೂಕುಗಳಲ್ಲಿ ಕಡಿಮೆ. ೨೦೦೩ರಲ್ಲಿ ಹತ್ತೊಂಬತ್ತರ ಜಂಬಕ್ಕ ನಾಯಕಿಯಾಗಿ ಮಾಗಳದ ಹುಡುಗಿಯರು ಹಾಸನಕ್ಕೆ ಹೋದರು, ರಾಜ್ಯದ ಕಪ್ ಎತ್ತಿಕೊಂಡು ಬಂದರು. ಬಸ್ಸಿನ ಕಿಟಕಿಯಿಂದ ಕಪ್ ಕಂಡದ್ದೇ ತಡ, ಊರು ಡೊಳ್ಳು ಕಟ್ಟಿಕೊಂಡು ಎದುರಿಗೆ ಬಂತು.

ಕಪ್ಪಿನ ಹಿಂದೆಯೇ ಕರೆಯೂ ಬಂತು. ಮರುವರ್ಷ ಚುನಾವಣೆ. ದೊಡ್ಡ ನಾಯಕರೊಬ್ಬರು ಹಡಗಲಿಯಲ್ಲಿ ಸಭೆ ಇಟ್ಟುಕೊಂಡಿದ್ದರು. ಗೆದ್ದ ಹುಡುಗಿಯರು ವೇದಿಕೆ ಹತ್ತಬೇಕು, ಪಕ್ಷದ ಬಣ್ಣದ ಶಾಲು ಹೊದಿಸುತ್ತಾರೆ, ಜೀಪು ಬರುತ್ತದೆ. ಊರಲ್ಲಿ ನಾಯಕರ ಕೆಲಸ ನೋಡುತ್ತಿದ್ದ ರೈತ ಪಂಚಾಕ್ಷರಪ್ಪ ಮನೆಮನೆಗೂ ಹೋಗಿ ಹೇಳಿಬಂದ. ಹುಡುಗಿಯರು ಅವತ್ತೇ ಜಡೆಗೆ ಯಾವ ರಿಬ್ಬನ್ನು ಎಂದು ಮಾತಿಗಿಳಿದರು.

ತೊಡಕು ಇದ್ದದ್ದು ಇಲ್ಲಿ. ಊರು ಎರಡು ಪಕ್ಷ, ತಂಡವೂ ಎರಡು ಪಕ್ಷದ ಮನೆಗಳದ್ದು. ಜಂಬಕ್ಕನ ಓಣಿ ಪೂರ್ತಿ ಆ ನಾಯಕರ ಕಡೆ. ಅವಳ ಜೀವದ ಗೆಳತಿ, ಕಿರಾಣಿ ಅಂಗಡಿಯ ಅಮೃತಾಳ ಓಣಿ ಎದುರು ಪಕ್ಷ. ಅಮೃತಾಳ ಅಪ್ಪ ಗುರುಬಸವರಾಜ ಒಂದೇ ಮಾತು ಹೇಳಿದ್ದ: ಆ ವೇದಿಕೆ ಹತ್ತಿದ ದಿನ ಮಗಳ ಆಟ ಮುಗಿಯಿತು. ಹತ್ತದಿದ್ದರೆ ನಮ್ಮ ಹುಡುಗಿಯರ ಆಟ ಮುಗಿಯಿತು ಎಂದು ಜಂಬಕ್ಕನ ಓಣಿಯವರು ಹೇಳಿದರು. ಹೋದರೂ ತಂಡ ಒಡೆಯುತ್ತದೆ, ಬಿಟ್ಟರೂ ಒಡೆಯುತ್ತದೆ. ಗಂಗಾಧರ್ ಮೇಷ್ಟ್ರು ತಲೆ ಮೇಲೆ ಕೈ ಹೊತ್ತು ಕುಳಿತರು.

ಜಂಬಕ್ಕ ಅಪ್ಪನ ಹಟ್ಟಿಗೆ ಹೋದಳು. ಪಾಲಾಕ್ಷಪ್ಪ ಮರಿಗಳಿಗೆ ಸೊಪ್ಪು ಹಾಕುತ್ತಿದ್ದ. ಗೊಬ್ಬರವಾಗಲೆಂದು ರೈತರು ಕುರಿಹಿಂಡನ್ನು ರಾತ್ರಿ ಹೊಲದಲ್ಲಿ ತರುಬಿಸಿಕೊಳ್ಳುತ್ತಾರಲ್ಲ, ಅದಕ್ಕೆ ಆ ಮನೆತನದಲ್ಲಿ ಒಂದು ಪದ್ಧತಿ. ಹೊಲದ ಒಡೆಯ ತಾನೇ ಹಟ್ಟಿಗೆ ಬಂದು ಎಲೆ ಅಡಿಕೆ ಕೊಟ್ಟು ಕರೆಯಬೇಕು. ಆಳನ್ನು ಕಳಿಸಿದರೆ ಹಿಂಡು ಏಳುವುದಿಲ್ಲ. ಇವತ್ತು ಇವರ ಹೊಲ, ನಾಳೆ ಇವರಿಗಾಗದವರ ಹೊಲ. ಪಾಲಾಕ್ಷಪ್ಪನನ್ನು ನೀನು ಯಾರ ಕಡೆಯವನೆಂದು ಯಾರೂ ಕೇಳಿದ್ದಿಲ್ಲ. ಮಗಳ ಸಂಕಟವನ್ನೆಲ್ಲ ಕೇಳಿಸಿಕೊಂಡು ಅವನು ಇಷ್ಟೇ ಅಂದ: "ಕುರಿ ಯಾವ ಪಕ್ಷದ್ದವ್ವ?"

ಮರುದಿನ ಪಂಚಾಕ್ಷರಪ್ಪ ಬೈಕಿನಲ್ಲಿ ಅಂಕಣಕ್ಕೇ ಬಂದ.

"ಜಂಬವ್ವ, ಜೀಪು ಎಷ್ಟೊತ್ತಿಗೆ ಕಳಿಸ್ಲಿ?"

"ಜೀಪು ಬ್ಯಾಡ್ರಿ ಕಾಕಾ. ಸಾಹೇಬ್ರನ್ನ ಕಳಿಸ್ರಿ."

"ಕಪ್ಪು ಗೆದ್ದು ಸೊಕ್ಕು ಬಂತೇನು?"

"ಸೊಕ್ಕಲ್ರಿ. ಹೋದ ವರ್ಷ ನಿಮ್ಮ ಹೊಲಕ್ಕ ಕುರಿ ಕರಿಯಾಕ ಯಾರು ಬಂದಿದ್ರು? ನೀವ ಬಂದಿದ್ರಿ, ಎಲಿ ಅಡಿಕಿ ಹಿಡಕೊಂಡು. ಕುರಿಗೆ ಅಷ್ಟು ಮರ್ಯಾದಿ ಕೊಟ್ಟೋರು ನಮಗ ಕೊಡಂಗಿಲ್ಲೇನ್ರಿ? ಸಾಹೇಬ್ರು ಇಲ್ಲಿಗೆ ಬರ್ಲಿ. ಬಾವುಟ, ಶಾಲು ಗೆರಿ ಹೊರಗ ಇರ್ಲಿ."

ಹುಡುಗಿಯರು ಕಿಸಕ್ಕನೆ ನಕ್ಕರು. ಪಂಚಾಕ್ಷರಪ್ಪ ಬೈಕು ತಿರುಗಿಸಿದ. ಎಲೆ ಅಡಿಕೆ ಹಿಡಿದು ಬಂದಿದ್ದವನು ಅವನೇ ತಾನೆ.

ಸಭೆ ಹುಡುಗಿಯರಿಲ್ಲದೆಯೇ ನಡೆಯಿತು. ಅವತ್ತು ಸಂಜೆ ಜಂಬಕ್ಕನ ಓಣಿಯ ಮೂವರು ಅಭ್ಯಾಸಕ್ಕೆ ಬರಲಿಲ್ಲ, ಮರುದಿನವೂ ಬರಲಿಲ್ಲ. ಓಣಿಯ ಹಿರಿಯರು ಪಾಲಾಕ್ಷಪ್ಪನ ಜೊತೆ ಮಾತು ಬಿಟ್ಟರು. ಜಂಬಕ್ಕ ಆ ಮೂವರ ಚೌಕಗಳಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ. ಖಾಲಿ ಚೌಕ ದಾಟುವಾಗ ಅಮೃತಾ ಮುಖ ತಿರುಗಿಸಿಕೊಂಡು ಓಡುತ್ತಿದ್ದಳು.

ಅತ್ತ ಹಡಗಲಿಯಲ್ಲಿ ಏನಾಗಿತ್ತು ಅಂದರೆ, ಕಪ್ ಗೆದ್ದ ಹುಡುಗಿಯರೆಲ್ಲಿ ಎಂದು ನಾಯಕರು ಕೇಳಿದ್ದರು. ಪಂಚಾಕ್ಷರಪ್ಪ ಜ್ವರ, ಪರೀಕ್ಷೆ ಎಂದೇನೋ ಹೇಳಬಹುದಿತ್ತು. ಅವನ ಬಾಯಿಗೆ ಕುರಿಯ ಮಾತೇ ಬಂತು. ನಾಯಕರೂ ಹೊಲಮನೆಯವರು, ಕುರಿ ತರುಬಿಸಿದವರು. ಹೊಟ್ಟೆ ಹಿಡಿದು ನಕ್ಕರಂತೆ.

ಮೂರನೆಯ ಸಂಜೆ ಕಾರು ಬಂತು. ಬಾವುಟದ ಕಾರು ಗೆರೆಯಿಂದ ದೂರ ಬೇವಿನ ಮರದ ಕೆಳಗೆ ನಿಂತಿತು. ನಾಯಕರು ನಡೆದು ಬಂದರು, ಗೆರೆಯ ಬಳಿ ಚಪ್ಪಲಿ ಬಿಟ್ಟರು. ಕೈಯಲ್ಲಿ ಎಲೆ ಅಡಿಕೆ. ಹಿಂದೆ ಬಂದವನೊಬ್ಬ ಶಾಲಿನ ಕಟ್ಟು ಹಿಡಿದು ಗೆರೆ ದಾಟಲು ಹೋದ. ಪಂಚಾಕ್ಷರಪ್ಪನೇ ಅವನ ರಟ್ಟೆ ಹಿಡಿದು ನಿಲ್ಲಿಸಿದ.

"ಕರಿಯಾಕ ಬಂದೀನವ್ವ," ಎಂದು ನಾಯಕರು ಎಲೆ ಅಡಿಕೆ ನೀಡಿದರು. "ನಿಮ್ಮ ಆಟ ನೋಡಬೇಕು."

ಜಂಬಕ್ಕ ಎರಡೂ ಕೈಯೊಡ್ಡಿ ತೆಗೆದುಕೊಂಡಳು. ಅಷ್ಟರಲ್ಲಿ ಊರಿಗೆ ಊರೇ ಸೇರಿತ್ತು. ಈ ಓಣಿಯವರು, ಆ ಓಣಿಯವರು ಒಂದೇ ಗೆರೆಗೆ ಕಾಲು ತಾಗಿಸಿ ನಿಂತಿದ್ದರು. ಗುಂಪಿನ ನಡುವಿನಿಂದ ಆ ಮೂವರು ಹುಡುಗಿಯರು ಓಡಿಬಂದು ತಮ್ಮ ಚೌಕಗಳಲ್ಲಿ ಕುಳಿತರು. ಅವರ ಅಪ್ಪಂದಿರು ತಡೆಯಲಿಲ್ಲ. ನಾಯಕರೇ ಬರಿಗಾಲಲ್ಲಿ ನಿಂತಿರುವಾಗ ಇನ್ನು ಏನೆಂದು ತಡೆದಾರು?

ಆಟ ರಂಗೇರಿತು. ನಾಯಕರಿಗೂ ಹುರುಪು ಬಂದು ಕೊನೆಯ ಚೌಕದಲ್ಲಿ ಪಂಚೆ ಎತ್ತಿಕಟ್ಟಿ ಕುಳಿತರು. ಅಮೃತಾ ಹಿಂದಿನಿಂದ ಬಂದವಳೇ ಅವರ ಬೆನ್ನಿಗೆ ಕೈ ತಟ್ಟಿ ಖೋ ಕೊಟ್ಟಳು. ಎದ್ದು ಓಡಲೇಬೇಕಲ್ಲ, ಓಡಿದರು. ಜಂಬಕ್ಕ ಎಡಕ್ಕೆ ತೋರಿಸಿ ಬಲಕ್ಕೆ ಹೊರಳಿದಳು. ನಾಯಕರು ಗಾಳಿಯನ್ನು ಮುಟ್ಟಿ ಕಂಬ ತಬ್ಬಿಕೊಂಡರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವನು ಗುರುಬಸವರಾಜ. ನಕ್ಕ ಮೇಲೆ ತಾನೇ ತಂಬಿಗೆ ನೀರು ತಂದು ನಾಯಕರ ಕೈಗಿತ್ತ.

"ಸಿಗಾಂಗಿಲ್ಲ ಬಿಡ್ರಿ ಈಕಿ," ಅಂದ. "ನಮ್ಮ ಕಡ್ಯಾರಿಗೂ ಸಿಕ್ಕಿಲ್ಲ."

ಆ ವರ್ಷ ಅಂಕಣಕ್ಕೆ ಬಂದ ಹುಡುಗಿಯರಿಗೆ ಚೌಕಗಳೇ ಸಾಲದಾದವು. ಮೇಷ್ಟ್ರು ಪಕ್ಕದಲ್ಲೇ ಇನ್ನೊಂದು ಸಾಲು ಹಾಕಿಸಿದರು. ಚುನಾವಣೆಗೆ ಮುಂಚೆ ಎದುರು ಪಕ್ಷದವರಿಗೂ ಹುಡುಗಿಯರ ನೆನಪಾಯಿತು. ಅವರು ಜೀಪಿನ ಮಾತನ್ನೇ ಎತ್ತಲಿಲ್ಲ. ಗೆರೆಯ ಹೊರಗೆ ಚಪ್ಪಲಿ ಬಿಟ್ಟು, ಎಲೆ ಅಡಿಕೆ ಹಿಡಿದು, ಜಂಬಕ್ಕ ಆಟ ಮುಗಿಸಿ ತಿರುಗಿ ನೋಡುವವರೆಗೆ ಕಾದು ನಿಂತಿದ್ದರು.