ಟಗರಿನ ಹಣೆಗೆ ಹಚ್ಚಿದ ಕುಂಕುಮ

ಗೌರಕ್ಕ, ನಮ್ಮ ಟಗರಿಗೆ ಸೂಜಿ ಹಾಕಿಸಿರಲಿಲ್ಲ. ಹಾಕಿಸಿದೆ ಅಂತ ಡಾಕ್ಟರಿಗೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿ ನೀವು ನಿಮ್ಮ ಕುರಿಗಳನ್ನು ಕಳೆದುಕೊಂಡಿರಿ. ಒಂಬತ್ತು ವರ್ಷ ನಿಮ್ಮ ಪಕ್ಕದ ಮನೆಯಲ್ಲೇ ಇದ್ದೂ ಇಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ.

ನೀಲಿ ನಾಲಿಗೆ ರೋಗಕ್ಕೆ ದನದ ಡಾಕ್ಟರು ಹೊಸ ಲಸಿಕೆ ತಂದ ವರ್ಷ ಅದು. ಆ ವೈರಸ್ಸಿನಲ್ಲಿ ಹಲವು ಬಗೆ, ಲಸಿಕೆ ಮಾಡಿರುವುದು ಒಂದು ಬಗೆಯದರಿಂದ. ಮಿಕ್ಕವನ್ನೂ ಅದು ತಡೆಯುತ್ತದೆಯೇ ನೋಡಬೇಕು ಎಂದು ನಮ್ಮ ಜಗಲಿಯ ಮೇಲೆ ಕೂತು ಬಿಡಿಸಿ ಹೇಳಿದ್ದರು. ಬಯಲಲ್ಲಿ ಕಾಂಪೌಂಡರು ಸೂಜಿ ಹಾಕಿ, ಹಾಕಿದ ಗುರುತಿಗೆ ಕುರಿಯ ಹಣೆಗೆ ಕೆಂಪು ಬಣ್ಣ ಬಳಿಯುತ್ತಿದ್ದರು. ಡಾಕ್ಟರು ಮನೆಮನೆಗೆ ಬಂದು ಬರೆದುಕೊಳ್ಳುತ್ತಿದ್ದರು.

ನಮ್ಮವು ಐದು. ನಾಲ್ಕಕ್ಕೆ ಹಾಕಿಸಿದೆ. ಐದನೆಯದು ಟಗರು — ಮಗಳು ಕಾಮಾಲೆಯಿಂದ ಎದ್ದಾಗ ಸ್ವಾಮಿಯ ಹೆಸರಿಗೆ ಬಿಟ್ಟಿದ್ದು. ದೇವರಿಗೆ ಬಿಟ್ಟದ್ದರ ಮೈಗೆ ಕಬ್ಬಿಣ ಸೋಕಬಾರದು ಅನ್ನುವುದು ನಮ್ಮತ್ತೆಯ ಕಾಲದಿಂದ ಬಂದ ನಡೆ. ಅದರ ಉಣ್ಣೆಗೂ ಕತ್ತರಿ ಹಾಕಿಸುತ್ತಿರಲಿಲ್ಲ. ಹಾಗಂತ ಹೇಳಿದ್ದರೆ ಡಾಕ್ಟರು ಬಿಟ್ಟುಬಿಡುತ್ತಿದ್ದರೇನೋ. ಓದಿದವರ ಮುಂದೆ ಹೇಳಲು ನಾಚಿಕೆಯಾಯಿತು. ದೇವರ ಗೂಡಿನ ಕುಂಕುಮವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಟಗರಿನ ಹಣೆಗೆ ಹಚ್ಚಿದೆ. ಆ ಕುಂಕುಮ — ಬೇರೇನೂ ಸಿಗಲಿಲ್ಲವೇ ನನಗೆ.

“ಎಲ್ಲದಕ್ಕೂ ಆಯ್ತೇನಮ್ಮ?” ಅಂದರು.

“ಆಯ್ತು ಸಾರ್, ಐದಕ್ಕೂ ಆಯ್ತು.”

ಮಳೆಗಾಲ ಮುಗಿಯುವಾಗ ರೋಗ ಬಂತು. ಟಗರಿನ ತುಟಿ ಊದಿತು, ನಾಲಿಗೆ ನೀಲಿಗಟ್ಟಿತು. ವಾರ ತುಂಬುವ ಮೊದಲೇ ಸತ್ತಿತು. ಅವತ್ತು ನನ್ನ ಪಕ್ಕ ಕೂತು ಅತ್ತವರು ನೀವು. ಡಾಕ್ಟರು ಅದರ ರಕ್ತ ತೆಗೆದುಕೊಂಡು ಹೋಗಿದ್ದರು. ಕೆಲವು ವಾರ ಬಿಟ್ಟು ಬಂದು, “ಬಂದಿರೋದು ಬೇರೆ ಬಗೆ ಕಣಮ್ಮ. ನಮ್ಮ ಲಸಿಕೆ ಇದನ್ನ ತಡೆಯಲ್ಲ ಅನ್ಸುತ್ತೆ” ಎಂದು ಪುಸ್ತಕದಲ್ಲಿ ಬರೆದುಕೊಂಡರು. ಸೂಜಿ ಹಾಕಿಸಿದ ನಮ್ಮ ನಾಲ್ಕೂ ಹಿತ್ತಲಲ್ಲಿ ಮೇಯುತ್ತಿದ್ದವು. ಆಗಲೇ ಹೇಳಬಹುದಿತ್ತು — ಮಜ್ಜಿಗೆ ಲೋಟ ಕೊಟ್ಟು ಒಳಗೆ ಹೋದೆ.

ಮುಂದಿನ ವರ್ಷ ಲಸಿಕೆಯವರು ಬಂದಾಗ ನೀವು ಬೀದಿಯಲ್ಲೇ ನಿಲ್ಲಿಸಿದಿರಿ. “ಹೋಗ್ರಪ್ಪ ಹೋಗ್ರಿ. ಇವಳ ದೇವರ ಟಗರನ್ನೇ ಉಳಿಸಲಿಲ್ಲ ನಿಮ್ಮ ಸೂಜಿ, ನನ್ನ ಬಡಕಲು ಕುರಿಗೆ ಏನ್ ಕಡಿದು ಕಟ್ಟೆ ಹಾಕ್ತದೆ?” ಬೀದಿಯೆಲ್ಲ ನಕ್ಕಿತು. ನೀವು ನನ್ನ ಕಡೆ ತಿರುಗಿ, “ಅಲ್ವೇನೇ?” ಅಂದಿರಿ.

ನಾನು “ಹೂಂ ಅಕ್ಕ” ಅಂದೆ.

ಆ ವರ್ಷ ನಿಮ್ಮ ಹದಿನಾಲ್ಕರಲ್ಲಿ ಹನ್ನೊಂದು ಹೋದವು.

ಸೂಜಿ ಹಾಕಿಸಿದ್ದರೆ ಅವೆಲ್ಲ ಉಳಿಯುತ್ತಿದ್ದವೋ, ಒಂದು ಬಗೆಯ ಲಸಿಕೆ ಇನ್ನೊಂದನ್ನು ತಡೆಯುತ್ತಿತ್ತೋ, ನನಗೆ ಗೊತ್ತಿಲ್ಲ. ತಿಳಿಯಬೇಕೆಂದು ಬಂದವರಿಗೆ ನಾನೇ ಸುಳ್ಳು ಬರೆಸಿದೆ. ನಿಮಗೂ ಅದನ್ನೇ ಉಣಿಸಿದೆ. ಸಂಜೆ ದೀಪ ಹಚ್ಚಿ, ಸ್ವಾಮಿ ಅವತ್ತು ಕೊಟ್ಟದ್ದನ್ನೆಲ್ಲ ಎಣಿಸಿ ಕೈ ಮುಗಿಯುವವಳು ನಾನು — ಮಗಳಿಗೆ ಊಟ ಸೇರಿತು, ಯಜಮಾನರು ಹೊತ್ತಿಗೆ ಮನೆಗೆ ಬಂದರು. ನಿಮ್ಮ ಕೊಟ್ಟಿಗೆ ಖಾಲಿಯಾದ ಸಂಜೆಯೂ ಎಣಿಸಿದೆ. ನಮ್ಮ ಕುರಿ ನಾಲ್ಕೂ ಚೆನ್ನಾಗಿವೆ ಎಂದೂ ಎಣಿಸಿದೆ.

ಉಳಿದ ಮೂರನ್ನೂ ಮಾರಿ ನೀವು ದಿನಾ ಬಾಣಾವರಕ್ಕೆ ತೆಂಗಿನಕಾಯಿ ಸುಲಿಯುವ ಕೂಲಿಗೆ ಹೋಗಿಬರತೊಡಗಿದಿರಿ. ಈ ಯುಗಾದಿ ಕಳೆದ ಮೇಲೆ ಮತ್ತೆ ಎರಡು ಮರಿ ತಂದಿದ್ದೀರಿ. ಸೋಮವಾರ ಲಸಿಕೆಯವರು ಬರುತ್ತಾರಂತೆ. ಹಾಕಿಸಬೇಡಿ ಎಂದು ಮನೆಮನೆಗೆ ಹೇಳುತ್ತಿದ್ದೀರಿ, ನನ್ನ ಟಗರನ್ನೇ ಸಾಕ್ಷಿ ಮಾಡಿ.

ಭಾನುವಾರ ಬೆಳಿಗ್ಗೆ ಹೇಳುತ್ತೇನೆ, ಗೌರಕ್ಕ. ನಿಮ್ಮನ್ನು ಒಳಗೆ ಕರೆದು ಗುಟ್ಟಾಗಿ ಅಲ್ಲ; ನಲ್ಲಿಯ ಹತ್ತಿರ, ಊರ ಹೆಂಗಸರೆಲ್ಲ ನಿಂತಿರುವಾಗ. ಆಮೇಲೆ ನೀವು ಏನಂದರೂ ಅನ್ನಿ. ಕೊಡ ಕೆಳಗಿಟ್ಟು, ಪೂರ್ತಿ ಕೇಳಿಸಿಕೊಂಡೇ ಹೋಗುತ್ತೇನೆ.