ಒಳಗೆ ಸರಿಯದ ಕೋಣೆ

ಮೊನ್ನೆ ಅಲೆವೂರಿನಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಮಣ್ಣು ಅಗೆಯುವ ಯಂತ್ರವೊಂದರ ಪೈಪ್ ಒಡೆದು ರಸ್ತೆಯೆಲ್ಲ ಆಯಿಲ್ ಚೆಲ್ಲಿತ್ತು. ಬಸ್ಸು ನಿಂತಿತು. ಪಕ್ಕದ ಸೀಟಿನವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ತೆರೆದೆ. ಬಿಸಿಯಾದ ಹೈಡ್ರಾಲಿಕ್ ಆಯಿಲಿನ ಆ ವಾಸನೆ... ನನ್ನ ಪಾಲಿಗೆ ಅದು ದೊಡ್ಡಪ್ಪನ ವಾಸನೆ.

ದೊಡ್ಡಪ್ಪ ಎಂದರೆ ಅಮ್ಮನ ಅಕ್ಕನ ಗಂಡ. ಗಲ್ಫಿನ ತೈಲ ಬಾವಿಗಳ ಕ್ಯಾಂಪಿನಲ್ಲಿ, ಚಕ್ರದ ಮೇಲಿನ ಮನೆಗಳನ್ನು ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದವರು. ಊರಿಗೆ ಮರಳಿ, ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಇನ್ನು ಆರಾಮ ಎನ್ನುವಷ್ಟರಲ್ಲಿ ದೊಡ್ಡಮ್ಮ ತೀರಿಕೊಂಡರು. ಮಕ್ಕಳಿರಲಿಲ್ಲ. ನಮ್ಮಲ್ಲಿ ಮನೆ ಹೆಣ್ಣಿನ ಕಡೆಯದು. ಹೆಣ್ಣುಮಕ್ಕಳು ಯಾವಾಗ ಬಂದರೂ ಅದು ಅವರದೇ ಮನೆ. ಗಂಡನನ್ನು ಬಿಟ್ಟು ಬಂದ ನಾನು ಗತ್ತಿನಿಂದಲೇ ಬಂದು ಕೂತವಳು. ಮದುವೆಯಾಗಿ ಬಂದ ಗಂಡಸರಿಗೆ ಹಾಗಲ್ಲ. ಹೆಂಡತಿ ಇರುವ ತನಕ ಅವರು ಮನೆಯವರು, ಆಮೇಲೆ ನೆಂಟರು. ದೊಡ್ಡಮ್ಮನ ಉತ್ತರಕ್ರಿಯೆ, ಬೊಜ್ಜದ ಊಟ ಮುಗಿದ ಮರುದಿನವೇ ದೊಡ್ಡಪ್ಪ ಪೆಟ್ಟಿಗೆ ಹಿಡಿದು ಕಾರ್ಕಳದ ತಮ್ಮ ತಾಯಿಮನೆಗೆ ಹೋದರು. ಅಲ್ಲಿ ಅವರ ಅಕ್ಕನ ಮಕ್ಕಳು ಮನೆ ಪಾಲು ಮಾಡಿಕೊಂಡಿದ್ದರು. ದೊಡ್ಡಪ್ಪನ ಕೋಣೆ ಒಬ್ಬ ಅಳಿಯನ ಅಡುಗೆಮನೆಯಾಗಿತ್ತು.

ಅವರು ತಿರುಗಿ ಬಂದದ್ದು ಒಂದು ಗಾಡಿಯಲ್ಲಿ. ಸಿನಿಮಾದವರು ನಟನಟಿಯರಿಗೆಂದು ಇಟ್ಟುಕೊಳ್ಳುತ್ತಾರಲ್ಲ, ಅಂಥ ಹಳೆಯ ವ್ಯಾನು. ಒಳಗೆ ಮಂಚ, ಒಲೆ, ಕಕ್ಕಸು ಎಲ್ಲವೂ ಇತ್ತು. ಸ್ವಿಚ್ ಒತ್ತಿದರೆ ಒಂದು ಬದಿಯ ಗೋಡೆ ಮೇಜಿನ ಡ್ರಾಯರಿನಂತೆ ಹೊರಗೆ ಬಂದು ಕೋಣೆ ಅಗಲವಾಗುತ್ತಿತ್ತು. ಪಂಪಿನಿಂದ ಬರುವ ಆಯಿಲಿನ ಒತ್ತಡ ಅದನ್ನು ಹೊರಗೂ ಒಳಗೂ ತಳ್ಳುತ್ತಿತ್ತು. ಗಾಡಿ ಹೊರಡಬೇಕಾದರೆ ಮಾತ್ರ ಆ ಕೋಣೆ ಒಳಗೆ ಸರಿದಿರಲೇಬೇಕು. ಇದು ಯಾರ ಪಾಲಿಗೂ ಬಾರದ ಮನೆ ಎಂದು ದೊಡ್ಡಪ್ಪ ನಕ್ಕರು. ಸಣ್ಣಪುಟ್ಟ ರಿಪೇರಿ ಮುಗಿಸಿ ಕಾಪುವಿನ ಕಡಲ ಬದಿಗೆ ಹೋಗುವುದು, ಆಮೇಲೆ ಮನಸ್ಸು ಬಂದ ಕಡೆ. ಅಲ್ಲಿಯ ತನಕ ನಮ್ಮ ಅಂಗಳ.

ಅಮ್ಮ ಏನೂ ಹೇಳಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಅಪ್ಪ ಹೋಗಿ ವರ್ಷಗಳಾಗಿದ್ದವು. ವಿಧವೆ ನಾದಿನಿ ತನ್ನ ಬಾವನಿಗೆ ಇಲ್ಲೇ ಇರಿ ಎಂದರೆ ಊರಿನ ಬಾಯಿ ಮುಚ್ಚಿಸುವವರು ಯಾರು? ಊಟಕ್ಕಾಯಿತು, ಚಹಾ ಆರುತ್ತಿದೆ ಎಂಬುದನ್ನೂ ಅಮ್ಮ ನನ್ನ ಬಾಯಿಂದಲೇ ಹೇಳಿಸುತ್ತಿದ್ದಳು. ಅಡುಗೆಮನೆಗೂ ಗಾಡಿಗೂ ನಡುವೆ ಓಡಾಡಿ ನಾನು ಅಂಚೆಯವಳಾಗಿದ್ದೆ.

ಮಳೆಗಾಲ ಹತ್ತಿರ ಬಂತೆಂದರೆ ಇಲ್ಲಿ ಮನೆಮನೆಗೂ ತಗಡಿನ ಶೀಟ್ ಹಾಕಿಸುವ ಗಡಿಬಿಡಿ. ದೊಡ್ಡಪ್ಪ ಪೈಪ್ ತರಲು ಕಾರ್ಕಳಕ್ಕೆ ಹೋಗಿದ್ದ ದಿನ ಅಮ್ಮ ವೆಲ್ಡಿಂಗಿನವನನ್ನು ಕರೆಸಿ, ನಮ್ಮ ಮನೆಯ ಗೋಡೆಯಿಂದ ಗಾಡಿಯ ಹೊರಚಾಚಿದ ಕೋಣೆಯ ತನಕ ಕಬ್ಬಿಣದ ಪಟ್ಟಿ ಕೊಟ್ಟು ಮೇಲೆ ಶೀಟ್ ಹಾಕಿಸಿದಳು. ಊಟಕ್ಕೆ ಬರುವಾಗ ಬಾವ ಒದ್ದೆಯಾಗಬಾರದಂತೆ. ಸಾಲದ್ದಕ್ಕೆ ಬುಡದಲ್ಲಿ ಬಸಳೆ ನೆಟ್ಟು ಬಳ್ಳಿಯನ್ನು ಪಟ್ಟಿಗಳ ಮೇಲೆ ಹಬ್ಬಿಸಿದಳು. ಸಂಜೆ ಬಂದ ದೊಡ್ಡಪ್ಪ ತಲೆಯೆತ್ತಿ ತುಂಬ ಹೊತ್ತು ನೋಡಿದರು. ಒಳ್ಳೆಯದಾಯಿತು ಎಂದು ನನ್ನ ಹತ್ತಿರ ಹೇಳಿದರು. ಅದನ್ನೂ ಒಳಗೆ ತಲುಪಿಸಿದೆ.

ಮಳೆ ಬಿಟ್ಟ ಮೇಲೆ ಸ್ವಿಚ್ ಒತ್ತಿದರೆ ಕೋಣೆ ಕದಲಲಿಲ್ಲ. ಅಲ್ಲಿಂದ ಸುರುವಾಯಿತು ನಮ್ಮ ರಿಪೇರಿ. ಗಾಡಿ ಬಂದ ಹೊಸತರಲ್ಲಿ ಅವರೇ ನನಗೆ ಪಾಠ ಹೇಳಿದ್ದರು: "ಪಂಪ್ ಗುಂಯ್ ಅಂತದೆ, ಕೋಣೆ ಹಂದುವುದಿಲ್ಲ ಅಂತಾದ್ರೆ ಮೊದಲು ಆಯಿಲ್ ನೋಡುವುದಲ್ಲ ಮಗಾ. ಹೊರಗೆ ಒಂದು ಸುತ್ತು ಬರಬೇಕು, ಎಂತದ್ದಾದರೂ ಅಡ್ಡ ಉಂಟಾ ಅಂತ." ಈಗ ಅವರೇ ಸುತ್ತು ಬಾರದೆ ನೇರ ಗಾಡಿಯ ಅಡಿಗೆ ನುಗ್ಗಿದರು. ಹೊಸ ಬ್ಯಾಟರಿ ಬಂತು. ಆಯಿಲ್ ತುಂಬಿಸಿದ್ದಾಯಿತು. ಪೈಪಿನೊಳಗೆ ಗಾಳಿ ಸೇರಿದೆಯೆಂದು ಜಾಯಿಂಟ್ ಸಡಿಲಿಸಿದರೆ ಆಯಿಲ್ ಚಿಮ್ಮಿ ಮೊಣಕೈ ತನಕ ಇಳಿಯುತ್ತಿತ್ತು. ಸ್ವಿಚ್ ಒತ್ತುವುದು ನನ್ನ ಕೆಲಸ. ಪಂಪು ನರಳತೊಡಗುವ ಮೊದಲೇ ಅಡಿಯಿಂದ ಅವರ ಸ್ವರ ಬರುತ್ತಿತ್ತು, ಸಾಕು, ಬಿಡು ಎಂದು.

ಆ ಗಾಡಿಯೊಳಗೆ ಕೂತರೆ ನನಗೆ ಉಸಿರು ಕಟ್ಟುತ್ತಿತ್ತು. ಬಸಳೆ ಎಲೆ ಕಿಟಕಿ ಮುಚ್ಚಿ ಮಧ್ಯಾಹ್ನವೂ ಕತ್ತಲೆ. ಮಂಚದ ಮೇಲೆ ಹೊರಡಲು ಸಿದ್ಧವಾದ ಅದೇ ಪೆಟ್ಟಿಗೆ. ಕೆಲವೊಮ್ಮೆ ಅವರು ಬಸ್ಸಿನಲ್ಲಿ ಕಾಪುವಿಗೆ ಹೋಗಿ, ಕಡಲು ನೋಡಿ, ದೀಪ ಹಚ್ಚುವ ಮೊದಲೇ ಮರಳುತ್ತಿದ್ದರು. ಬಸ್ಸಿನಿಂದ ಇಳಿಯುವಾಗಿನ ಅವರ ಮುಖ ನನಗೆ ಮರೆಯುವುದಿಲ್ಲ. ರಜೆ ಮುಗಿಸಿ ಗಲ್ಫಿಗೆ ವಿಮಾನ ಹತ್ತುವಾಗಲೂ ಅದೇ ಮುಖ ಇರುತ್ತಿತ್ತು. ಇನ್ನೂ ಸರಿಯಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ ಪಂಪು, ವಾಲ್ವು, ಸೀಲು ಎಂದು ವಿವರಿಸುತ್ತ, ಕೇಳಿದವರು ಓಡಿಹೋಗುವ ತನಕ ಬಿಡುತ್ತಿರಲಿಲ್ಲ. ಕೋಣೆ ಒಳಗೆ ಹೋದ ಕೂಡಲೇ ಹೊರಡುವುದು ಎಂದು ಕೊನೆಗೆ ಸೇರಿಸುತ್ತಿದ್ದರು.

ನನಗೂ ತಲೆ ಕೆಟ್ಟು, ಬೇರೆ ಮೆಕ್ಯಾನಿಕ್ಕನ್ನು ಕರೆಸುವ ಎಂದೆ.

ಅವರು ಬಟ್ಟೆಯ ಚೂರಿನಲ್ಲಿ ಕೈ ಒರೆಸುತ್ತ ಹೇಳಿದರು: "ಬೇಡ ಮಾರಾಯ್ತಿ. ಅವರು ಸರಿ ಮಾಡಿಬಿಡ್ತಾರೆ."

ಎಷ್ಟು ಜಂಬ ನೋಡಿ ಎಂದು ನಕ್ಕುಬಿಟ್ಟೆ...

ಒಂದು ಬೇಸಿಗೆಯಲ್ಲಿ ಎದೆನೋವೆಂದು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ ದೊಡ್ಡಪ್ಪ ತಿರುಗಿ ಬರಲಿಲ್ಲ. ಕಾರ್ಕಳದವರು ಬಂದು ಒಯ್ದರು. ಬದುಕಿದ್ದಾಗ ಜಾಗವಿಲ್ಲದ ಮನೆಯ ಅಂಗಳದಲ್ಲಿ ಅವರನ್ನು ಮಲಗಿಸಿದ್ದರು. ಅಮ್ಮ ಎಲ್ಲರಿಗಿಂತ ಹಿಂದೆ, ತೆಂಗಿನ ಮರದ ಹತ್ತಿರ ನಿಂತಿದ್ದಳು.

ಗಾಡಿ ಮಾರಲೆಂದು ಅಳಿಯಂದಿರು ಮೆಕ್ಯಾನಿಕ್ಕೊಬ್ಬನನ್ನು ಕಳಿಸಿದರು. ಅವನು ಹೊರಗಿನಿಂದ ಒಂದು ಸುತ್ತು ಬಂದ. ಬಸಳೆಯನ್ನು ಕೈಯಿಂದ ಸರಿಸಿದ. "ಅಕ್ಕಾ, ಈ ಕೋಣೆಯನ್ನು ಪಟ್ಟಿ ಕೊಟ್ಟು ನಿಮ್ಮ ಗೋಡೆಗೇ ಬೋಲ್ಟ್ ಹಾಕಿ ಕಟ್ಟಿದ್ದಾರಲ್ಲ. ಮತ್ತೆ ಒಳಗೆ ಹೋಗುವುದು ಹೇಗೆ?" ಎಂದ. ಬೋಲ್ಟ್ ಬಿಚ್ಚಿ ಸ್ವಿಚ್ ಒತ್ತಿದ. ಕೋಣೆ ಸದ್ದಿಲ್ಲದೆ ಒಳಗೆ ಹೋಯಿತು. ಬಳ್ಳಿಯ ಒಂದಷ್ಟು ಕುಡಿಗಳು ಕಿಟಕಿಯ ಹಿಡಿಗೆ ಸುತ್ತಿಕೊಂಡಿದ್ದವು, ಅವು ಹರಿದುಹೋದವು.

ಒಬ್ಬ ಮನುಷ್ಯನನ್ನು ಹೀಗೆ ಕಟ್ಟಿಹಾಕುವುದಾ ಎಂದು ಅಮ್ಮನ ಮೇಲೆ ಹರಿಹಾಯ್ದೆ. ಹಾಕಿಸುವಾಗ ತನಗೆ ತಿಳಿದಿರಲಿಲ್ಲ ಎಂದಳು. ಆಮೇಲೆ ತಿಳಿಯಿತಲ್ಲ ಎಂದೆ. ಅವಳು ಕೆಳಗೆ ಬಿದ್ದ ಎಲೆಗಳನ್ನು ಹೆಕ್ಕುತ್ತಿದ್ದಳು.

"ಬಾವನಿಗೂ ಗೊತ್ತಿತ್ತು. ಬಸಳೆಗೆ ದಿನಾ ನೀರು ಹಾಕಿದ್ದು ಯಾರು?"

ಹೌದಲ್ಲ. ದಿನಾ ಬೆಳಿಗ್ಗೆ ತಂಬಿಗೆ ಹಿಡಿದು ಅವರೇ ನೀರು ಹಾಕುತ್ತಿದ್ದರು. ಕುಡಿಗಳನ್ನು ಮೆಲ್ಲನೆ ಎತ್ತಿ ಆ ಬೋಲ್ಟುಗಳ ಕಡೆಗೇ ತಿರುಗಿಸಿ ಬಿಡುತ್ತಿದ್ದರು. ಹೊತ್ತು ಹೋಗದವರ ಕೆಲಸ ಎಂದುಕೊಂಡಿದ್ದೆ. ಇರಲು ಹಕ್ಕಿಲ್ಲದ, ಹೋಗಲು ಜಾಗವಿಲ್ಲದ ಮನುಷ್ಯನಿಗೆ ಕೆಟ್ಟ ಪಂಪೊಂದೇ ಮರ್ಯಾದೆಯ ನೆಪ. ಆದರೆ ನೆಪದೊಳಗೆ ಇದ್ದವರಿಗೆ ಆರಾಮವೇನೂ ಇರಲಿಲ್ಲ. ಕಾಪುವಿನ ಬಸ್ಸಿನಿಂದ ಇಳಿಯುವ ಆ ಮುಖ ನಾನು ನೋಡಿದ್ದೇನೆ. ಇಬ್ಬರ ಮೇಲೂ ನನಗೆ ಈಗಲೂ ಸಿಟ್ಟಿದೆ. ದೊಡ್ಡಪ್ಪ ಇಲ್ಲವೆಂಬ ಸಂಕಟವೂ ಅಷ್ಟೇ ಇದೆ.

ಮೊನ್ನೆ ಸಂಜೆ ಮನೆಗೆ ಬಂದು ಅಮ್ಮನಿಗೆ ರಸ್ತೆಯ ಆಯಿಲಿನ ಸುದ್ದಿ ಹೇಳಿದೆ. ಗೋಡೆಯಿಂದ ಚಾಚಿದ ಪಟ್ಟಿಗೆ ಈಗ ಗಾಡಿಯ ಬದಲಿಗೆ ಒಂದು ಅಡಿಕೆ ಮರದ ಕಂಬ ಕೊಟ್ಟಿದ್ದೇವೆ, ಬಸಳೆ ಅದರ ಮೇಲಿದೆ. ಅಮ್ಮ ಸಾಂಬಾರಿಗೆ ದಂಟು ಕೊಯ್ಯುತ್ತಿದ್ದವಳು ಕೈ ನಿಲ್ಲಿಸಿದಳು.

"ಬಾವನಿಗೆ ಇಲ್ಲೇ ಇರಿ ಅಂತ ಹೇಳು ಅಂತ ನಿನ್ನ ಹತ್ರ ಒಮ್ಮೆ ಹೇಳಬಹುದಿತ್ತು ನಾನು."

ಅಭ್ಯಾಸಬಲದಿಂದ ಅಂಗಳದ ಕಡೆ ತಿರುಗಿದೆ. ಹೋಗಿ ಹೇಳಿ ಬರಲು ಅಲ್ಲಿ ಯಾರೂ ಇರಲಿಲ್ಲ.