ಕುದುರೆಯ ಮೇಲೆ ಬಿದ್ದ ಮುದ್ರೆ

ಮೊನ್ನೆ ಅಂಚೆ ಕಚೇರಿಯಲ್ಲಿ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತುತ್ತಿದ್ದಳು. ಮಸಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯ ಸಿಟ್ಟು ಎದ್ದು ಬಂತು...

ಅರವತ್ತರ ದಶಕದ ಆರಂಭ. ಮುಂಡಗೋಡ ಸೀಮೆಯ ಇಂದೂರಿನಾಚೆಯ ಹಳ್ಳಿಗೆ ನಾನು ಸೊಸೆಯಾಗಿ ಬಂದು ಐದಾರು ವರ್ಷವಾಗಿತ್ತು. ಎದುರುಮನೆಯ ಕಾಕು ವಿಧವೆ. ಎರಡು ಎಮ್ಮೆ ಕಟ್ಟಿಕೊಂಡು ಮುಂಡಗೋಡದ ಚಹಾದಂಗಡಿಗೆ ಹಾಲು ಹಾಕುತ್ತಿದ್ದಳು. ನಮ್ಮ ಓಣಿಯ ಹೆಂಗಸರು ನೀರಿಗೆ ಸಾವಕಾರನ ಬಾವಿಗೇ ಹೋಗಬೇಕು, ಅವನ ದನಗಳು ಕುಡಿದು ಮುಗಿಯುವವರೆಗೆ ಕಾಯಬೇಕು. ಓಣಿಗೊಂದು ಬಾವಿ ಬೇಕೆಂದು ಕಾಕು ಪಂಚಾಯ್ತಿ ಚುನಾವಣೆಯಲ್ಲಿ ಅವನೆದುರೇ ನಿಂತಳು. ಆಕೆಯ ಗುರುತು ಕೊಡ, ಅವನದು ಕುದುರೆ.

ಮೊದಲೆಲ್ಲ ಚುನಾವಣೆಗೆ ನಿಂತ ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ. ಬೇಕಾದ ಚಿತ್ರವಿದ್ದ ಪೆಟ್ಟಿಗೆಗೆ ಚೀಟಿ ಹಾಕಿದರಾಯಿತು. ಆ ಸಲ ಪದ್ಧತಿ ಬದಲಾಯಿತು. ಒಂದೇ ಚೀಟಿಯಲ್ಲಿ ಎಲ್ಲರ ಚಿತ್ರ. ಬೇಕಾದವರ ಮೇಲೆ ಗುಣಿಸುವ ಗುರುತಿನಂಥ ಮುದ್ರೆ ಒತ್ತಬೇಕು. ಹಾಗೆಂದು ಚಾವಡಿಯ ಗೋಡೆಗೆ ಕಾಗದ ಅಂಟಿಸಿ ಕೈ ತೊಳೆದುಕೊಂಡರು. ಅಕ್ಷರ ಬಾರದವರ ಊರಿಗೆ ಕಾಗದ!

ಓಣಿಗೆ ಬಂದು ಬಾಯಿಬಿಟ್ಟು ತಿಳಿಸಿದವನು ಸಾವಕಾರನ ಗುಮಾಸ್ತ ಒಬ್ಬನೇ. ಕಾಕು ಹಾಲು ಹಾಕಲು ಹೋದ ಹೊತ್ತು ನೋಡಿ ನಮ್ಮ ಕಟ್ಟೆಯ ಮೇಲೂ ಕೂತು ಹೇಳಿದ: "ಸಾಲ್ಯಾಗ ಮಾಸ್ತರ ತಪ್ಪಿಗೆ ಕಾಟು ಹೊಡೀತಾರಲ್ಲ, ಹಂಗ. ಯಾರು ಬ್ಯಾಡೋ ಅವರ ಮ್ಯಾಲ ಒತ್ರಿ."

ನಾನು ಚಾವಡಿಯ ಕಾಗದ ಓದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಮಾವ ಕಣ್ಣು ಬಿಟ್ಟರು. ನಾವು ಉಳುತ್ತಿದ್ದುದು ಸಾವಕಾರನ ಹೊಲ. ಅಂದು ಸುಮ್ಮನಾದೆ. ಮತದಾನದ ದಿನದವರೆಗೂ ಸುಮ್ಮನೇ ಇದ್ದೆ. ಕಾಕುವಿನ ಹೊಸ್ತಿಲು ಹತ್ತು ಹೆಜ್ಜೆ ದೂರವಿತ್ತು, ಅಷ್ಟೇ.

ಮತ ಹಾಕಿದ ಸಂಜೆ ಹೆಂಗಸರೆಲ್ಲ ನಗುತ್ತ ಆಕೆಯ ಅಂಗಳಕ್ಕೆ ಬಂದರು.

"ಯಕ್ಕಾ, ನಿನ್ನ ಕೊಡಕ್ಕ ಒಂದು ಹನಿ ಮಸಿ ತಾಗಗೊಟ್ಟಿಲ್ಲ ನೋಡು! ಕುದುರಿ ಮ್ಯಾಲ ಗಟ್ಟ್ಯಾಗಿ ಕಾಟು ಹೊಡದ್ವಿ!"

ಕಾಕು ಹಾಲಿನ ಚರಿಗೆಯನ್ನು ನೆಲಕ್ಕಿಟ್ಟು ಮತ ಹಾಕಿದ ಶಾಲೆಗೆ ಓಡಿದಳು. ಪೆಟ್ಟಿಗೆಗೆ ಆಗಲೇ ಅರಗು ಹಾಕಿದ್ದರು. "ಒತ್ತಿದ್ದು ಒತ್ತಿದಂಗ ಎಣಸೂದು, ಬಾಯಾರ" ಎಂದ ಅಧಿಕಾರಿ. ಅಲ್ಲಿಂದ ನೇರ ಸಾವಕಾರನ ಬಾಗಿಲಿಗೆ ನಡೆದಳು. ಓಣಿಯೆಲ್ಲ ಹಿಂದೆ ಹೋಯಿತು, ನಾನೂ ಹೋದೆ.

"ಮಂದಿ ನನ್ನ ಬ್ಯಾಡ ಅಂದಿದ್ರ ಸೋತು ಸುಮ್ಮ ಕೂಡತಿದ್ದೆ. ನನಗ ಕೊಟ್ಟ ಮತಾನ ತಿರುವಿ ನಿನ್ನ ಉಡಿಗೆ ಹಾಕ್ಕೊಂಡಿ. ಥೂ ನಿನ್ನ!"

ಸಾವಕಾರ ಎಲೆಯಡಿಕೆ ಜಗಿಯುತ್ತ, "ಹೊಸಾ ಪದ್ಧತಿ ಐತಿ ನೋಡವಾ, ಮಂದಿಗೆ ತಿಳದಿಲ್ಲ" ಎಂದು ನಕ್ಕ.

ಮರುದಿನ ಎಣಿಕೆಯಲ್ಲಿ ಕುದುರೆ ಗೆದ್ದಿತು, ನಮ್ಮ ಓಣಿಯ ಮತಗಳಿಂದಲೇ. ಪಂಚಾಯ್ತಿಯ ಬಾವಿಯನ್ನು ಸಾವಕಾರನ ಹೊಲದ ಬದುವಿನಲ್ಲಿ ತೋಡಿಸಿದರು. ಕಾಕು ಹೆಂಗಸರಿಗೆ ಒಂದು ಮಾತೂ ಬೈಯಲಿಲ್ಲ. ಕೆಲವು ವರ್ಷಕ್ಕೆ ಎಮ್ಮೆ ಮಾರಿ ಹಳಿಯಾಳದ ತಂಗಿಯ ಮನೆಗೆ ಹೊರಟಾಗ ನನ್ನ ಕೈ ಹಿಡಿದು, "ಓದಿದಾಕಿ ನೀ ಒಬ್ಬಾಕಿ ಇದ್ದಿ. ನಿನ್ನ ಮತಾ ನನಗ ಬಂದಿತ್ತು, ಗೊತ್ತೈತಿ ನನಗ" ಎಂದಳು.

ಬಂದಿತ್ತು, ಹೌದು. ನನ್ನದೊಂದನ್ನು ಸರಿಯಾಗಿ ಒತ್ತಿ ಬಂದಿದ್ದೆ...

ಆಕೆ ಹಳಿಯಾಳದಲ್ಲೇ ತೀರಿಕೊಂಡಳಂತೆ. ಈಗ ಮಾವನಿಲ್ಲ, ಸಾವಕಾರನಿಲ್ಲ. ನನ್ನ ಬಾಯಿ ಕಟ್ಟುವವರು ಯಾರೂ ಉಳಿದಿಲ್ಲ. ಕೇಳಬೇಕಾದವಳೂ ಉಳಿದಿಲ್ಲ.